ನಲ್ಲಿ ತಿರುಗಿಸದ ಮಕ್ಕಳೂ ಮೇಜು ಹತ್ತಿದ ಸಾಹೇಬರೂ

ಬಾಲವಾಡಿಗಳ ತಪಾಸಣೆಗೆ ಬರುವ ಸಾಹೇಬರಿಗೆ,

ಮಾನ್ಯರೇ,

ನಮ್ಮೂರ ಬಾಲವಾಡಿಯ ಅಕ್ಕೋರು ಮಾರ್ಗರೀಟಾ ಅವರನ್ನು ಬರುವ ಒಂದನೇ ತಾರೀಖಿನಿಂದ ಕೆಲಸದಿಂದ ತೆಗೆಯುವುದಾಗಿ ನೋಟೀಸು ಕಳಿಸಿದ್ದೀರಿ. ತೆಗೆಯಬೇಡಿ. ಇಷ್ಟನ್ನೇ ಹೇಳಿದ ಮೂರು ಅರ್ಜಿಗಳನ್ನು ಟಪಾಲಿಗೆ ಹಾಕಿದೆ. ಅವು ತಮ್ಮ ಕಚೇರಿಯ ಯಾವ ಕಪಾಟಿನಲ್ಲಿ ನಿದ್ದೆ ಮಾಡುತ್ತಿವೆಯೋ! ನನಗೂ ಸಾಕಾಗಿದೆ. ಅದಕ್ಕೇ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಬರೆಯುತ್ತಿರುವವನು ಸಾಮಾನ್ಯನಲ್ಲ. ಹಳಿಯಾಳ ಸೀಮೆಯ ಈ ಕಾಡಂಚಿನ ಊರಿನಲ್ಲಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮೊದಲಿಗ ನಾನು. ಎರಡು ಸಲ ಕೂತೆ ಎಂಬುದು ಬೇರೆ ಮಾತು.

ನೋಟೀಸಿನಲ್ಲಿ ಅಕ್ಕೋರ ಮೂರು ತಪ್ಪು ಎಣಿಸಿದ್ದೀರಿ. ತಪ್ಪು ನಂಬರ್ ಒಂದು: ಅಭಿನಯ. ತಮ್ಮ ಅನುಮೋದಿತ ಪುಸ್ತಕದಲ್ಲಿ ಕೈ ತೊಳೆಯುವ ಹಾಡಿದೆ. "ನಲ್ಲಿ ತಿರುಗಿಸು" ಎಂದಾಗ ಮಕ್ಕಳು ಬೆರಳು ತಿರುಗಿಸಬೇಕು. ತಾವು ಬಂದ ದಿನ ನಮ್ಮ ಮಕ್ಕಳು ಎರಡೂ ಕೈಯಿಂದ ಹಗ್ಗ ಜಗ್ಗಿದಂತೆ ಮಾಡಿದರು. ತಾವು ವಹಿಯಲ್ಲಿ "ಅಭಿನಯ ಅಶುದ್ಧ" ಎಂದು ಬರೆದಿರಿ. ಸಾಹೇಬರೇ, ನಮ್ಮೂರಲ್ಲಿ ನೀರು ಬರುವುದು ಬಾವಿಯಿಂದ. ನಲ್ಲಿಯನ್ನು ನಾಲ್ಕು ವರ್ಷದ ಮಗುವಷ್ಟೇ ಅಲ್ಲ, ಅದರ ಅಜ್ಜನೂ ನೋಡಿಲ್ಲ. ಕಂಡದ್ದನ್ನು ಮಾಡಿ ತೋರಿಸಿದರೆ ಅಶುದ್ಧವೇ?

ತಪ್ಪು ನಂಬರ್ ಎರಡು: ಅನುಮೋದನೆ ಇಲ್ಲದ ಹಾಡು. ಮಾರ್ಗರೀಟಾ ಸಿದ್ದಿಗಳ ಮನೆಯ ಹೆಣ್ಣುಮಗಳು, ಏಳನೇ ಇಯತ್ತೆ ಓದಿದಾಕೆ. ಅಪ್ಪನ ದಮಾಮಿ ಡೋಲು ಬಡಿಯುತ್ತ ತಾನೇ ಕಟ್ಟಿದ ಹಾಡು ಕಲಿಸುತ್ತಾಳೆ:

ದಾರಿ ತಪ್ಪಿತಂದ್ರ ಓಡಬ್ಯಾಡ,
ಮರಾ ಅಪ್ಪಿಕೊಂಡ ನಿಂದ್ರು ಕೂಸ,
ಹಾಡತನಽ ಇರು, ಹಾಡತನಽ ಇರು,
ಅವ್ವ ಬರತಾಳ ದನಿ ಹಿಡದು.

ಇದರಲ್ಲಿ ಕಾವ್ಯ ಎಷ್ಟಿದೆಯೋ ನಾನರಿಯೆ. ಕಳೆದ ಶ್ರಾವಣದಲ್ಲಿ ನನ್ನ ಅಣ್ಣನ ಮಗಳು, ನಾಲ್ಕು ವರ್ಷದ ಸತ್ತೆವ್ವ, ದಾಂಡೇಲಿಯ ಕಾಗದದ ಗಿರಣಿಗೆ ಬಿದಿರು ಕಡಿಯಲು ಹೋಗಿದ್ದ ತಾಯಿಯ ಹಿಂದೆ ಯಾರಿಗೂ ಹೇಳದೆ ನಡೆದು ಕಾಡಿನಲ್ಲಿ ಕಳೆದುಹೋದಳು. ಈ ಕಾಡು ನನ್ನ ಅಂಗೈ ಇದ್ದಂತೆ ಎಂದು ಇಪ್ಪತ್ತು ಜನರನ್ನು ಕರೆದುಕೊಂಡು ಹೊರಟವನು ನಾನೇ. ಮೂರು ತಾಸು ತಪ್ಪು ದಿಕ್ಕಿನಲ್ಲಿ ತಿರುಗಿಸಿದವನೂ ನಾನೇ. ಕಡೆಗೆ ನಮ್ಮ ಕಾಶೆವ್ವ ವೈನಿ, ಕೂಸಿನ ತಾಯಿ, ಹಳ್ಳದ ಆಚೆಯಿಂದ ಹಾಡು ಕೇಳಿ ಓಡಿದಳು. ಮಗು ಮತ್ತಿಯ ಮರವನ್ನು ಅಪ್ಪಿಕೊಂಡು, ದನಿ ಬಿದ್ದುಹೋದರೂ ಹಾಡುತ್ತಲೇ ನಿಂತಿತ್ತು.

ತಪ್ಪು ನಂಬರ್ ಮೂರು: ಭಯಾನಕ ಆಟ. ಆ ಹಾಡಿಗೊಂದು ಆಟವಿದೆ. ಕರಡಿ ಬರುತ್ತದೆ, ಮಕ್ಕಳು ಓಡದೆ ಕಂಬ ಅಪ್ಪಿಕೊಂಡು ಹಾಡುತ್ತಾರೆ, ಕರಡಿ ಬೇಸತ್ತು ಹೋಗುತ್ತದೆ. ಕರಿ ಕಂಬಳಿ ಹೊದ್ದ ಆ ಕರಡಿ ನಾನು. ತಪಾಸಣೆಯ ದಿನ ಅಕ್ಕೋರು ಬೇಡಿಕೊಂಡಿದ್ದರು: "ಕಾಕಾ, ಇವತ್ತೊಂದಿನ ಬರಬ್ಯಾಡ್ರಿ. ಸಾಹೇಬ್ರು ಬರತಾರ." ನನ್ನಂಥ ಕರಡಿಯನ್ನು ಸಾಹೇಬರೂ ಒಮ್ಮೆ ನೋಡಲಿ ಎಂಬ ಹುಮ್ಮಸ್ಸು ನನ್ನದು. ಬಾಗಿಲಲ್ಲಿ ಗುರ್ರೆಂದೆ. ತಾವು ಮೇಜು ಹತ್ತಿ "ಬಂದೂಕು ತರ್ರೋ!" ಎಂದಿರಿ. ಆಗ ಕಂಬ ಅಪ್ಪಿದ್ದ ಸತ್ತೆವ್ವ ಹೇಳಿದ್ದು ತಮಗೂ ನೆನಪಿರಬೇಕು:

"ಸಾಹೇಬ್ರ, ಹಂಗ ಚೀರಬಾರದ್ರಿ. ಹಾಡ್ರಿ."

ಊರೇ ನಕ್ಕಿತು. ವಾರದೊಳಗೆ ನೋಟೀಸು ಬಂತು. ನಕ್ಕವರು ನಾವು, ನೋಟೀಸು ಆಕೆಗೆ. ಇದು ಯಾವ ನಿಯಮ? ಕರಡಿಯನ್ನು ಬಿಟ್ಟು ಹಾಡನ್ನು ಹಿಡಿಯುವುದು?

ನನ್ನ ಬೇಡಿಕೆ ಇಷ್ಟು. ನೋಟೀಸು ನನ್ನ ಹೆಸರಿಗೆ ಮಾಡಿ. ಕಚೇರಿಗೆ ಕರೆಯಿರಿ, ಎಲ್ಲರೆದುರು ಕೈಮುಗಿದು ತಪ್ಪೊಪ್ಪುತ್ತೇನೆ. ಕಂಬಳಿಯನ್ನೂ ತಂದು ಒಪ್ಪಿಸುತ್ತೇನೆ. ಆದರೆ ಅಕ್ಕೋರನ್ನು ಉಳಿಸಿ. ಈ ವರ್ಷ ಹೊಸದಾಗಿ ಏಳು ಕೂಸುಗಳು ಸೇರಿವೆ. ಅವಕ್ಕೆ ಇನ್ನೂ ಮೊದಲ ಸಾಲಷ್ಟೇ ಬರುತ್ತದೆ. ಓಡಬಾರದು ಎಂದು ಗೊತ್ತಾಗಿದೆ. ಏನನ್ನು ಅಪ್ಪಿಕೊಳ್ಳಬೇಕು ಎಂಬುದನ್ನು ಇನ್ನೂ ಕಲಿಸಿಲ್ಲ.

ಇಂತಿ,
ಕಂಬಳಿ ಮಡಚಿಟ್ಟು ಕಾಯುತ್ತಿರುವ ಕರಡಿ,
ಲಗಮಪ್ಪ (ಮುಲ್ಕಿ ಪಾಸು)