ಕಾಯಿಸಿ ಕಳಿಸಿದ ಟ್ರೇ

ಮಂಗಳವಾರ, ಮಧ್ಯಾಹ್ನ
ಟೆಸ್ಟಿಂಗ್ ರೂಮು, ಕಿಟಕಿ ಪಕ್ಕದ ಮೇಜು

ಏನ್ರೀ,

‘ಪ್ರೀತಿಯ’ ಅಂತ ಶುರುಮಾಡಿದರೆ ಇವಳಿಗೆ ನನ್ನಿಂದ ಏನೋ ಕೆಲಸ ಆಗಬೇಕಿದೆ ಅಂದುಕೊಳ್ಳುತ್ತೀರಿ, ಅದಕ್ಕೇ ಬರೆಯಲಿಲ್ಲ. ಫೋನ್ ಮಾಡಿದರೆ ನಿಮ್ಮದು ‘ಹ್ಞೂಂ’, ‘ಆಯ್ತು’, ‘ಇಡ್ಲಾ?’ ಇಷ್ಟೇ. ಆಫೀಸಿನ ಮೇಲ್‌ನಲ್ಲಿ ಬರೆದರೆ ಊರೆಲ್ಲ ಓದುತ್ತದೆ. ಹಾಗಾಗಿ ಕಾಗದ. ನಾನು ಅಕ್ಕನ ಮನೆಯ ಮಹಡಿಯಲ್ಲಿ ಚೆನ್ನಾಗಿಯೇ ಇದ್ದೇನೆ. ಅಕ್ಕ ಮಾತ್ರ ದಿನಾ ಬೆಳಿಗ್ಗೆ ಕಾಫಿ ಲೋಟ ಕೈಗಿಡುತ್ತಾ, ಅವರು ಫೋನ್ ಮಾಡಿದ್ರೇನೇ ಅಂತ ಕೇಳುತ್ತಾಳೆ. ಮಾಡಿದ್ರು, ‘ಹ್ಞೂಂ’ ಅಂದ್ರು ಅಂತ ಹೇಳುತ್ತೇನೆ.

ವಿಷಯಕ್ಕೆ ಬರುತ್ತೇನೆ. ಆ ಟ್ರೇಯನ್ನು ನೀವು ಏನು ಮಾಡಿ ಕಳಿಸಿದಿರಿ?

ನಿಮಗೆ ಗೊತ್ತಿರುವುದನ್ನೇ ಮೊದಲಿಂದ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ಸಾಲಾಗಿ ಬರುವುದಿಲ್ಲ. ಕಂಪ್ಯೂಟರಿನ ಡಿಸ್ಕಿನ ಮೇಲೆ ಬರೆಯುವ ಹೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಚಿನ್ನದ ತುದಿ. ಲೇಸರ್ ಅದರ ಮೇಲೆ ಬೀಳಬೇಕು, ಅದು ಡಿಸ್ಕಿನ ಒಂದು ಚುಕ್ಕೆ ಜಾಗವನ್ನು ಕಾಯಿಸಬೇಕು, ಕಾದ ಜಾಗದಲ್ಲಿ ಬರಹ ಕೂರಬೇಕು. ಡಿಸ್ಕನ್ನು ಕಾಯಿಸುವ ಭರದಲ್ಲಿ ತುದಿಯೇ ಬೆಂದು ಮೊಂಡಾಗುತ್ತದೆ, ಹೆಡ್ ಸಾಯುತ್ತದೆ. ಆ ತುದಿಯ ಬೆನ್ನಿಗೆ ತೆಳ್ಳನೆಯ ಲೋಹದ ಪದರ ಹಾಕಿದರೆ ಬಿಸಿಯನ್ನು ಅದು ಎಳೆದುಕೊಳ್ಳುತ್ತದೆ ಅನ್ನುವುದು ನನ್ನ ಯೋಚನೆ. ಹೆಡ್‌ಗಳನ್ನು ಕತ್ತರಿಸಿ, ಉಜ್ಜಿ, ಟ್ರೇಗೆ ಜೋಡಿಸಿ ಕಳಿಸುವುದು ನೀವು. ಅವು ಸಾಯುವವರೆಗೂ ಓಡಿಸುವುದು ನಾವು. ಇಷ್ಟು ಸಲ ಕಳಿಸಿದಿರಿ, ಅಷ್ಟು ಸಲವೂ ಸತ್ತವು. ನಮ್ಮ ಅವಸರದಪ್ಪ ಇದ್ದಾರಲ್ಲ, ನಿಂತಲ್ಲಿ ನಿಲ್ಲದ ನಮ್ಮ ಚೀಫು, ಹೋದ ತಿಂಗಳು ಎಲ್ಲರೆದುರಿಗೇ ಹೇಳಿದರು: ಇದೇ ಕೊನೇ ಟ್ರೇ ಕಣಮ್ಮಾ, ಇದೂ ಸತ್ರೆ ನಿನ್ನ ಪದರಕ್ಕೆ ಎಳ್ಳುನೀರು ಬಿಟ್ಟು ನಿನ್ನ ಸ್ಟೋರ್ಸ್‌ಗೆ ಹಾಕ್ತೀನಿ ಅಂತ.

ಕೊನೇ ಟ್ರೇ ಸಾಯಲಿಲ್ಲ. ಒಂದೂ ಸಾಯಲಿಲ್ಲ. ಅವಸರದಪ್ಪ ಕೇಕ್ ತರಿಸಿದರು. ಬುಧವಾರದೊಳಗೆ ರಿಪೋರ್ಟಿಗೆ ಸೈನ್ ಹಾಕು, ಪದರ ಫ್ಯಾಕ್ಟರಿಗೆ ಹೋಗುತ್ತೆ, ಇಡೀ ವಿಭಾಗ ನಿನ್ನ ಕೈಗೆ ಬರುತ್ತೆ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೇಕನ್ನು ಮೇಜಿನ ಮೇಲಿಟ್ಟು ಮತ್ತೆ ಮೆಷಿನ್ ಹತ್ತಿರ ಹೋದೆ.

ನನ್ನ ಅನುಮಾನದ ಬುದ್ಧಿ ನಿಮಗೆ ಗೊತ್ತು. ಹಾಲಿನವನು ನಗುತ್ತಾ ಬಂದರೆ ಇವತ್ತು ನೀರು ಜಾಸ್ತಿ ಅನ್ನುವವಳು ನಾನು. ನೀವು ಅದನ್ನು ರೋಗ ಅಂದಿರಿ, ಬಟ್ಟೆ ತುಂಬಿಕೊಂಡು ಕಂಪನಿ ಕ್ವಾರ್ಟರ್ಸಿಗೆ ಹೋದಿರಿ. ಇರಲಿ. ಆದರೆ ಸಾಯಬೇಕಾದದ್ದು ಸಾಯದೆ ಉಳಿದರೆ, ಏನೋ ನಡೆದಿದೆ ಅಂತಲೇ ಅರ್ಥ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಮೊದಲು ಲೇಸರ್ ಮೇಲೆ ಅನುಮಾನ ಬಂತು, ಅಳೆದೆ, ಸರಿಯಾಗಿತ್ತು. ಆಮೇಲೆ ಪಕ್ಕದ ಮೇಜಿನ ಟೆಸ್ಟಿಂಗಿನವನ ಮೇಲೆ. ಮೆಷಿನ್ ಮಧ್ಯದಲ್ಲಿ ನಿಲ್ಲಿಸಿದ್ದೆಯಾ ಅಂತ ನೇರವಾಗಿಯೇ ಕೇಳಿದೆ. ಪಾಪ, ಕಣ್ಣಲ್ಲಿ ನೀರು ತಂದುಕೊಂಡ. ನಿಮ್ ಕೈಲಿ ಬದುಕೋದು ಕಷ್ಟ ಮೇಡಂ, ಗೆದ್ರೂ ಬೈತೀರಿ ಅಂದ. ಕೊನೆಗೆ ಟ್ರೇಯಲ್ಲಿ ಓಡಿಸದೆ ಉಳಿದಿದ್ದ ಹೆಡ್‌ಗಳನ್ನು ಮೈಕ್ರೋಸ್ಕೋಪಿಗೆ ಇಟ್ಟೆ. ಹೊಸ ಹೆಡ್ ಬೂದು ಬಣ್ಣ ಇರಬೇಕು. ಇವು ತಿಳಿಗಂದು. ಒಂದು ಸಲ ಕಾಯದೆ ಆ ಬಣ್ಣ ಬರುವುದಿಲ್ಲ. ನಮ್ಮಲ್ಲಿಗೆ ಬರುವ ಮುಂಚೆ ಅವು ಇದ್ದದ್ದು ನಿಮ್ಮ ರೂಮಿನಲ್ಲಿ ಮಾತ್ರ.

ಮುಚ್ಚಿಡುವುದಿಲ್ಲ, ಹೊಟ್ಟೆ ಉರಿದುಹೋಯಿತು. ಮೊದಲೇ ಕಾಯಿಸಿ, ಸತ್ತವನ್ನು ಕಿತ್ತೆಸೆದು, ಬದುಕಿದ್ದನ್ನು ಮಾತ್ರ ಕಳಿಸಿದ್ದೀರಿ ಅಂದುಕೊಂಡೆ. ಹೆಡ್‌ಗಳ ನಂಬರು ನೋಡಿದರೆ ಎಲ್ಲ ಸಾಲಾಗಿವೆ, ಒಂದೂ ತಪ್ಪಿಲ್ಲ. ಆಗ ಅದಕ್ಕಿಂತ ಕೆಟ್ಟ ಯೋಚನೆ ಬಂತು. ನನ್ನ ಪದರವನ್ನು ಬೇಕಂತಲೇ ಸುಟ್ಟು ಕೆಡಿಸಲು ನೋಡಿದ್ದೀರಿ, ನಾನು ಸ್ಟೋರ್ಸಿಗೆ ಹೋಗಲಿ ಅಂತ, ಅದು ನನ್ನ ಅದೃಷ್ಟಕ್ಕೆ ಉಲ್ಟಾ ಹೊಡೆದಿದೆ! ಆ ಹೊತ್ತು ನೀವು ಎದುರಿಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ. ನಿಮ್ಮ ರೂಮಿಗೇ ಬಂದೆ. ನೀವು ರಜ.

ಅಲ್ಲಿ ಗೌನು, ಟೋಪಿ ಕೊಡುವ ದಪ್ಪ ಕನ್ನಡಕದ ಆಯಮ್ಮ ಸಿಕ್ಕರು. ಟ್ರೇ ವಿಷಯ ಕೇಳಿದ್ದೇ ತಡ, ಅಯ್ಯೋ ಅದನ್ನೇನು ಕೇಳ್ತೀಯವ್ವಾ ಅಂತ ಶುರುಮಾಡಿದರು. ನಿಮ್ಮ ಯಜಮಾನ್ರು ಅವತ್ತು ಓವನ್ ಮುಂದೆ ಸ್ಟೂಲ್ ಹಾಕ್ಕೊಂಡು ಕೂತೋರು ಊಟಕ್ಕೂ ಏಳ್ಲಿಲ್ಲ, ಬಾಣಂತಿ ಕೋಣೆ ಮುಂದೆ ಕೂತಂಗೆ ಕೂತಿದ್ರು, ಒಂಚೂರು ಬಿಸಿ ಏರ್ಸೋದು, ಕಾಯೋದು, ಒಂಚೂರು ಇಳ್ಸೋದು, ಮತ್ತೆ ಕಾಯೋದು, ಯಾರಾದ್ರೂ ಬಾಗಿಲು ತೆಗೆದ್ರೆ ಗುರ್ ಅಂತಿದ್ರು ಅಂದರು. ನೀವು ಗುರ್ ಅಂದದ್ದನ್ನು ಮದುವೆಯಾದಾಗಿನಿಂದ ನಾನೇ ಕೇಳಿಲ್ಲ.

ಕೆಡಿಸುವವನು ಅಷ್ಟು ನಿಧಾನ ಮಾಡುವುದಿಲ್ಲ, ಅಷ್ಟು ಬುದ್ಧಿ ನನಗೂ ಇದೆ. ಲೇಸರ್ ಬೀಳುವ ಮುಂಚೆಯೇ ಚಿನ್ನ ಹದವಾಗಿ ಕಾದು ಗಟ್ಟಿಯಾಗಿ ಕೂತುಬಿಟ್ಟರೆ ಆಮೇಲೆ ಜರುಗಿ ಮೊಂಡಾಗುವುದಿಲ್ಲ. ಅದನ್ನು ನೀವು ಕಂಡುಹಿಡಿದಿರಿ. ಕಂಡುಹಿಡಿದು ಯಾರಿಗೂ ಹೇಳಲಿಲ್ಲ. ಕೇಕ್ ತರಿಸಿದ ದಿನ ಸಂಜೆ ಫೋನಿನಲ್ಲಿ, ಈ ಸಲ ಹೇಗೆ ಬದುಕಿದವು ಅಂತ ನಾನು ಕೇಳಿದಾಗ ನೀವು ಅಂದದ್ದೇನು? ಚೆನ್ನಾಗಿ ಬಂತಲ್ಲ, ಸೈನ್ ಹಾಕು. ಅಷ್ಟೇ. ಅಲ್ಲಾ ರೀ, ಇಂಥ ದೊಡ್ಡ ಕೆಲಸ ಮಾಡಿದವನು ಜಂಭವಾದರೂ ಕೊಚ್ಚಿಕೊಳ್ಳಬೇಕಲ್ಲವಾ? ಬಾಯಿಗೆ ಬೀಗ ಹಾಕಿಕೊಂಡವನನ್ನು ನಂಬುವುದು ಹೇಗೆ?

ಈಗ ನನಗೆ ಒಂದೇ ಮಾತು ಬೇಕು. ಬದುಕಿಸಿದ್ದು ನನ್ನ ಪದರವೋ, ನಿಮ್ಮ ಓವನ್ನೋ? ಎರಡೂ ಸೇರಿಯೋ? ನಾಳೆ ಮಧ್ಯಾಹ್ನದೊಳಗೆ ಬರೆದು ತಿಳಿಸಿ. ನಿಮ್ಮ ಉತ್ತರ ನೋಡಿಕೊಂಡು ಸೈನ್ ಹಾಕುತ್ತೇನೆ. ನನ್ನ ಮನಸ್ಸಿಗೆ ನೋವಾಗುತ್ತದೆ ಅಂತ ಬೆಣ್ಣೆ ಹಚ್ಚಿ ಬರೆಯಬೇಡಿ. ನನಗೆ ಯಾರ ಭಿಕ್ಷೆಯೂ ಬೇಡ, ಗಂಡನದಂತೂ ಬೇಡವೇ ಬೇಡ.

ಊಟ ಹೊತ್ತಿಗೆ ಸರಿಯಾಗಿ ಮಾಡಿ. ಆಯಮ್ಮ ನೀವು ಸೊರಗಿದ್ದೀರಿ ಅಂದರು.

ಇಂತಿ,
ಕಾಗದದ ಮೇಲಾದರೂ ಇನ್ನೂ ನಿಮ್ಮವಳು

ತಾ.ಕ.: ಲಕೋಟೆ ಅಂಟಿಸಲು ಹೋದವಳು ಮತ್ತೆ ಬಿಚ್ಚಿದೆ, ಮನಸ್ಸು ತಡೆಯಲಿಲ್ಲ. ಮೇಲಿನ ಪ್ರಶ್ನೆಗೆ ಉತ್ತರ ನನಗೆ ನಿನ್ನೆಯೇ ಸಿಕ್ಕಿದೆ. ನೀವು ಸುಳ್ಳು ಬರೆಯುತ್ತೀರೋ ಇಲ್ಲವೋ ನೋಡೋಣ ಅಂತ ಸುಮ್ಮನೆ ಕೇಳಿದೆ. ನನ್ನ ಪದರ ಇಲ್ಲದ ಹಳೇ ಹೆಡ್‌ಗಳನ್ನು ನಿಮ್ಮ ಹಾಗೆಯೇ ನಿಧಾನವಾಗಿ ಕಾಯಿಸಿ ಓಡಿಸಿದೆ. ಎಲ್ಲವೂ ಬದುಕಿದವು. ಪದರ ಇದ್ದು ಕಾಯಿಸದವು ಯಾವಾಗಲಿನಂತೆ ಸತ್ತವು. ನನ್ನ ಪದರದಿಂದ ಏನೂ ಉಪಯೋಗವಿಲ್ಲ, ಅದು ನಿಮಗೆ ಮೊದಲೇ ಗೊತ್ತಿತ್ತು. ಇವತ್ತು ಬೆಳಿಗ್ಗೆ ಅವಸರದಪ್ಪನಿಗೆ ಎಲ್ಲ ಹೇಳಿ, ರಿಪೋರ್ಟಿನಲ್ಲಿ ಪದರದ ಮಾತು ಹೊಡೆದುಹಾಕಿ, ನಿಮ್ಮ ಹೆಸರು ಹಾಕಿ ಕೊಟ್ಟೆ. ಸೋಮವಾರದಿಂದ ನಾನು ಸ್ಟೋರ್ಸ್. ಅದಕ್ಕೆ ಅಳಲಿಲ್ಲ. ಅಳು ಬಂದದ್ದು ಆಮೇಲೆ, ಮೆಟ್ಟಿಲಿಳಿಯುವಾಗ. ನನ್ನ ಮೊದಲ ಪ್ರಮೋಷನ್ನು, ಆ ಬಹುಮಾನ, ಪಾಸಾಗುವುದೇ ಇಲ್ಲ ಅಂದುಕೊಂಡಿದ್ದ ಆ ಇಂಟರ್‌ವ್ಯೂ, ಎಲ್ಲ ಒಂದೊಂದಾಗಿ ನೆನಪಾಯಿತು. ಅವುಗಳಲ್ಲಿ ಯಾವುದು ನನ್ನದು, ಯಾವುದು ನೀವು ಹೀಗೆ ಸದ್ದಿಲ್ಲದೆ ಮಾಡಿಕೊಟ್ಟದ್ದು ರೀ? ಇದಕ್ಕೆ ಉತ್ತರ ಬರೆದು ಕಳಿಸಬೇಡಿ. ಮನೆಗೆ ಬಂದು, ನನ್ನ ಮುಖ ನೋಡಿ ಹೇಳಿ.