ಹಳಿಯಿಲ್ಲದ ರೈಲು, ಹಳಿ ತಪ್ಪಿದ ಗಂಡ

ಮಧುಗಿರಿ,
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ರಾಧಾ,

ಈ ಕಾಗದವನ್ನು ಹತ್ತಿರ ಯಾರೂ ಇಲ್ಲದಾಗ, ಕುಳಿತುಕೊಂಡು ಓದು. ನಿನ್ನ ಗಂಡ, ಮಧುಗಿರಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಾನೆಂದು ನಾಲ್ಕು ಜನ ಎದ್ದು ನಮಸ್ಕಾರ ಮಾಡುವ ನರಸಿಂಹರಾಜು, ಮೊನ್ನೆ ಗುರುವಾರ ಬೆಳಗಿನ ವಾಕಿಂಗ್ ವೇಳೆಯಲ್ಲಿ, ಸ್ವಸ್ಥ ಬುದ್ಧಿಯಿಂದ, ಯಾರ ಪ್ರಚೋದನೆಯೂ ಇಲ್ಲದೆ ಒಂದು ಕಳ್ಳತನ ಮಾಡಿದ್ದಾನೆ. ಕದ್ದದ್ದು ಗಾಳಿ. ನಿನ್ನ ಸೋದರತ್ತೆಯ ಮಗ ಅಶ್ವತ್ಥನ ರೈಲು ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ನಿಂತಿತ್ತು, ಅದರ ಕೊನೆಯ ಬೋಗಿಯ ಎಡಗಡೆ ಚಕ್ರದ ಗಾಳಿ. ಪೆನ್ನಿನ ತುದಿಯಿಂದ ಒತ್ತಿದೆ, ‘ಸುಸ್’ ಎಂದಿತು, ಮಾಲು ಅಲ್ಲೇ ಮಂಗಮಾಯ. ನಾಳೆ ಪೊಲೀಸರು ಕದ್ದ ಮಾಲಿನ ಮಹಜರಿಗೆ ಬಂದರೆ ಆಕಾಶವನ್ನೇ ಜಪ್ತಿ ಮಾಡಬೇಕಾಗುತ್ತದೆ. ನಿಜವಾದ ರೈಲಾಗಿದ್ದು ಕಬ್ಬಿಣದ ಚಕ್ರವಿದ್ದಿದ್ದರೆ ನನ್ನಂಥ ಸಭ್ಯನು ಇಷ್ಟು ಕೆಳಗಿಳಿಯುತ್ತಿರಲಿಲ್ಲ. ರೈಲಿಗೆ ಟಯರು ಹಾಕಿದವನದೇ ಮೊದಲ ತಪ್ಪು.

ಅಪರಾಧ ಮೊದಲು ಬಂದು ಆರೋಗ್ಯ ಹಿಂದೆ ಬಿತ್ತು, ಬೇಸರ ಮಾಡಿಕೊಳ್ಳಬೇಡ. ನಿನ್ನ ಗಂಟಲು ಹೇಗಿದೆ? ತರಬೇತಿಯಲ್ಲಿ ದಿನವಿಡೀ ಕೇಳಿಸಿಕೊಳ್ಳುವುದೇ ಕೆಲಸವಾದ್ದರಿಂದ ನಿನ್ನಂಥ ಶಾಲೆ ಟೀಚರುಗಳ ಗಂಟಲಿಗೆ ಅದು ಒಳ್ಳೆಯ ಔಷಧ ಎಂದು ನನ್ನ ಅಭಿಪ್ರಾಯ. ಆ ಹಾಸ್ಟೆಲಿನವರು ಒಂದು ದಿನವಾದರೂ ಮುದ್ದೆ ಮಾಡಿದರೋ, ಇನ್ನೂ ಚಪಾತಿಯಲ್ಲೇ ದಿನ ತಳ್ಳುತ್ತಿದ್ದಾರೋ? ಮೈಸೂರಿನಲ್ಲಿ ಚಳಿ ಎಂದು ಕೇಳಿದೆ, ಶಾಲು ಹೊದ್ದುಕೋ. ನಾನು ಕ್ಷೇಮ. ಸೊಂಟ ಇದ್ದ ಕಡೆಯೇ ಇದೆ, ನೋವೂ ಅದರ ಜೊತೆಗೇ ಇದೆ, ನಮ್ಮಿಬ್ಬರಿಗಿಂತ ಅನ್ಯೋನ್ಯವಾಗಿವೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಅರ್ಧಕ್ಕೇ ನಕ್ಕುಬಿಡುತ್ತೀಯ, ನನ್ನ ಅಸೂಯೆಯ ಗಾಂಭೀರ್ಯ ಕೆಟ್ಟುಹೋಗುತ್ತದೆ. ಕಾಗದದಲ್ಲಾದರೆ ನಕ್ಕರೂ ನನಗೆ ಕೇಳಿಸುವುದಿಲ್ಲ.

ನೀನು ಮೈಸೂರಿಗೆ ಹೋದ ವಾರವೇ ಆ ರೈಲು ಬಂದದ್ದರಿಂದ ನೀನಿನ್ನೂ ಅದನ್ನು ಕಂಡಿಲ್ಲ. ಶತ್ರುವಿನ ವರ್ಣನೆಯನ್ನು ನಿಷ್ಪಕ್ಷಪಾತವಾಗಿ ಮಾಡುತ್ತೇನೆ. ಒಂದು ಟ್ರ್ಯಾಕ್ಟರಿಗೆ ತಗಡಿನ ಅಂಗಿ ತೊಡಿಸಿ, ಹೊಗೆಯೇ ಬಾರದ ಚಿಮಣಿ ಇಟ್ಟು, ಮೂತಿಗೆ ಕೆಂಪು ಬಳಿದಿದ್ದಾರೆ. ಅದರ ಹಿಂದೆ ಸರಪಳಿಯಂತೆ ಮೂರು ಬೋಗಿ, ಪಕ್ಕಕ್ಕೆ ಗೋಡೆಯಿಲ್ಲ, ಮೇಲೆ ಹಳದಿ ಚಾವಣಿ. ಎಲ್ಲೋ ಬಾಗಿಲು ಹಾಕಿದ ಮಕ್ಕಳ ಪಾರ್ಕಿನಿಂದ ತಂದದ್ದಂತೆ. ತಿರುಮಣಿಯಲ್ಲಿ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟು, ಸೂರ್ಯನನ್ನೇ ಬಾಡಿಗೆದಾರನನ್ನಾಗಿ ಇಟ್ಟುಕೊಂಡವನಿಗೆ ಏನು ಕಷ್ಟ? ಅದೇ ಬಿಸಿಲಿನಲ್ಲಿ ನಾನು ಕಪ್ಪಾದೆ, ಅವನು ಬೆಳ್ಳಗಾದ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ ಮೇಲೆ ಹಾದು ಪಾವಗಡಕ್ಕೆ ರೈಲು ಬರುತ್ತದೆ ಎಂಬ ಮಾತನ್ನು ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಕೇಳಿಸಿಕೊಳ್ಳುತ್ತಿದ್ದೇನೆ. ನಿನ್ನ ಬಾವ ಹಳಿಗೂ ಕಾಯಲಿಲ್ಲ, ಸ್ಟೇಷನ್ನಿಗೂ ಕಾಯಲಿಲ್ಲ. ಬಸ್ ಸ್ಟ್ಯಾಂಡಿನಿಂದ ಬೆಟ್ಟದ ಬುಡಕ್ಕೆ, ಬೆಟ್ಟದ ಬುಡದಿಂದ ಬಸ್ ಸ್ಟ್ಯಾಂಡಿಗೆ ಓಡಿಸಿ, ಊರಿಗೆ ರೈಲು ತಂದವನೆಂದು ಹೆಸರು ತೆಗೆದುಕೊಂಡುಬಿಟ್ಟ.

ಊರಿನವರಂತೂ ಅದನ್ನು ರೈಲೆಂದೇ ಒಪ್ಪಿಕೊಂಡಿದ್ದಾರೆ. ಎಷ್ಟು ಒಪ್ಪಿಕೊಂಡಿದ್ದಾರೆಂದರೆ, ಬುತ್ತಿ ಕಟ್ಟಿಕೊಂಡು ಬರುತ್ತಾರೆ! ನಮ್ಮ ಎದುರು ಮನೆಯ ಮುದುಕಿ ಪಟಾಲಮ್ಮ ಮೊದಲ ದಿನವೇ ಚಿತ್ರಾನ್ನದ ಡಬ್ಬಿ, ನೀರಿನ ಚೊಂಬು, ಹೊದೆಯಲು ಒಂದು ದುಪ್ಪಟಿ ಸಮೇತ ಹೊರಟಿತು. “ಬೆಟ್ಟದ ಬುಡಕ್ಕೆ ಬುತ್ತಿ ಯಾಕೆ ಪಟಾಲಮ್ಮ?” ಎಂದರೆ, “ರೈಲಂದ್ರೆ ದೂರದ ಪಯಣ ಕಣ್ ಮೇಷ್ಟ್ರೇ, ಬುತ್ತಿ ಇಲ್ದಲೆ ಹತ್ತಕಾಯ್ತದಾ?” ಎಂದಿತು. ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಬೆಟ್ಟ ಬಂದುಬಿಟ್ಟಿತಂತೆ. “ಉಂಡು ಕೈ ತೊಳೆಯೋಗಂಟ ನಾ ಇಳಿಯಕಿಲ್ಲ” ಎಂದು ಕೂತಿತು. ಬೋಗಿಯಲ್ಲಿದ್ದವರೆಲ್ಲ ಡಬ್ಬಿ ಬಿಚ್ಚಿದರು. ಅಶ್ವತ್ಥ ಪಾಪದವನಂತೆ ಇನ್ನೊಂದು ಸುತ್ತು ಹೊಡೆಸಿದ. ಈಗ ಮಧ್ಯಾಹ್ನದ ಟ್ರಿಪ್ಪಿಗೆ ‘ಊಟದ ಸುತ್ತು’ ಎಂದೇ ಹೆಸರು, ಉಪ್ಪಿನಕಾಯಿ ಒಂದು ಬೋಗಿಯಿಂದ ಇನ್ನೊಂದು ಬೋಗಿಗೆ ಕೈ ಬದಲಾಯಿಸುತ್ತದೆ. ಬೋಗಿಯೊಳಗೆ ಕೂತವರೆಲ್ಲ ಭೋಗಿಗಳು, ರಸ್ತೆಯಲ್ಲಿ ನಿಂತು ನೋಡುವ ನಾನೊಬ್ಬ ಯೋಗಿ. ಅವನಿಗೆ ಊದಲು ಸೀಟಿ, ಕೂರಲು ಸೀಟು; ನನ್ನ ಪಾಲಿಗೆ ಬರೀ ಸಿಟ್ಟು.

ಸಿಟ್ಟಿಗೆ ಕಾರಣ ರೈಲಲ್ಲ, ನಿನಗೂ ಗೊತ್ತು. ನಿಮ್ಮ ಮನೆಯ ಪ್ರತಿ ನಾಮಕರಣ, ಪ್ರತಿ ಗೃಹಪ್ರವೇಶದಲ್ಲೂ ಎಲೆ ಮುಂದೆ ಕೂತ ಮೇಲೆ ಯಾರಾದರೂ ಒಬ್ಬರು “ವರಸೆ ಪ್ರಕಾರ ರಾಧಾಮಣಿ ಅಶ್ವತ್ಥಂಗೇ ಬರಬೇಕಾಗಿತ್ತು, ಈ ಮೇಷ್ಟ್ರು ಎಲ್ಲಿದ್ರೋ ಬಂದ್ಬುಟ್ರು” ಎಂದು ಹೇಳಿ ಪಾಯಸ ಹಾಕಿಸಿಕೊಳ್ಳುತ್ತಾರೆ. ಅವನು ನಗುತ್ತಾನೆ, ನೀನೂ ನಗುತ್ತೀಯ, ನನ್ನ ಪಾಯಸ ತಣ್ಣಗಾಗುತ್ತದೆ. ಅದೇ ವರಸೆಯ ಲೆಕ್ಕದಲ್ಲಿ, ನಿನ್ನನ್ನು ಮದುವೆಯಾಗಬಹುದಾಗಿದ್ದವನು ನನಗೆ ತಮ್ಮನಾಗುತ್ತಾನಂತೆ! ಎಂಥ ಲೆಕ್ಕವೋ. ಆ ತಮ್ಮನಾದರೂ ಬೇರೆ ಹೆಣ್ಣು ನೋಡಿ ಮದುವೆಯಾದನೇ? ಇಲ್ಲ, ರೈಲು ತಂದ. ಮಂಗಳವಾರ ಫೋನು ಮಾಡಿದಾಗ ನೀನು ಊಟವಾಯಿತೇ ಎಂದು ಕೇಳುವುದಕ್ಕೆ ಮೊದಲು “ಬಾವನ ರೈಲು ಹೆಂಗೈತೆ?” ಎಂದು ಕೇಳಿದೆ. ನಾನು ಅದು ರೈಲೇ ಅಲ್ಲವೆಂದು, ಚಿಮಣಿ ಓರೆಯೆಂದು, ಗಂಟೆ ಬಿರುಕೆಂದು, ತಿರುವಿನಲ್ಲಿ ಕೊನೆಯ ಬೋಗಿ ಬಾಲ ಆಡಿಸುತ್ತದೆಂದು ನಿನ್ನ ಕರೆನ್ಸಿ ಮುಗಿಯುವ ತನಕ ವಿವರಿಸಿದೆ. ಗುರುವಾರದ ಗಾಳಿ ಕಳ್ಳತನ ಈ ಮಂಗಳವಾರದ ಫಲ.

ಶಿಕ್ಷೆ ಏನಾಯಿತು ಕೇಳು. ಹಲ್ಲುಜ್ಜಿ ಕಾಫಿಗೆ ಕೂತಿದ್ದೇನೆ, ಬಾಗಿಲಲ್ಲಿ ಅಶ್ವತ್ಥ. “ಏಮಣ್ಣಾ, ನಿನ್ ಪಂಪ್ ಕೊಡು. ಯಾವ್ದೋ ಮುಳ್ಳು ಕಚ್ಬುಟ್ಟೈತೆ.” ಕೊಟ್ಟು ಕಳಿಸಿದ್ದರೆ ಮುಗಿಯುತ್ತಿತ್ತು, ತಪ್ಪಿತಸ್ಥನಿಗೆ ಧಾರಾಳತನ ಜಾಸ್ತಿ ನೋಡು, ನಾನೇ ಹೋಗಿ ಒತ್ತುತ್ತೇನೆ ಎಂದೆ. ಕದ್ದ ಗಾಳಿಯನ್ನು ಕಾಲಲ್ಲಿ ಒತ್ತಿ ಒತ್ತಿ, ಬೆವರೆಂಬ ಬಡ್ಡಿ ಸೇರಿಸಿ ವಾಪಸ್ಸು ತುಂಬಿದೆ. ಆಗ ಅವನು ಬೋಗಿಯ ಕಂಬಕ್ಕೆ ಒರಗಿಕೊಂಡು, ಎಷ್ಟು ನಿರಾಳವಾಗಿ ಹೇಳಿದ ಗೊತ್ತೇ? “ಶನಿವಾರ ರಾಧಾ ಬತ್ತಾಳಲ್ಲ, ನೀನು ಸ್ಕೂಟರ್ ತೆಗಿಬ್ಯಾಡ ಕಣಣ್ಣೋ. ಬಸ್ ಸ್ಟ್ಯಾಂಡಿಂದ ಮನೆಗಂಟ ರೈಲಲ್ಲೇ ಕರ್ಕಂಡ್ ಬತ್ತೀನಿ.” ಇನ್ನೂ ಏನೋ ಹೇಳುತ್ತಿದ್ದ. ಪಂಪಿನ ಸದ್ದಿಗೂ ನನ್ನೆದೆಯ ಸದ್ದಿಗೂ ಉಳಿದದ್ದು ಕೇಳಿಸಲಿಲ್ಲ.

ರಾಧಾ, ನನಗೆ ನೀನು “ಶನಿವಾರವೋ ಭಾನುವಾರವೋ ನೋಡೋಣ” ಎಂದಿದ್ದೆ. ಅವನಿಗೆ ಶನಿವಾರವೆಂದು ಖಚಿತವಾಗಿ ಹೇಗೆ ಗೊತ್ತಾಯಿತು? ನಾನು ಅನುಮಾನದ ಮನುಷ್ಯನಲ್ಲ. ಆದರೆ ಮೂರು ದಿನದಿಂದ ಇದೊಂದೇ ಪ್ರಶ್ನೆ ತಲೆಯಲ್ಲಿ ಊಟದ ಸುತ್ತು ಹೊಡೆಯುತ್ತಿದೆ, ಇಳಿಯುವುದೇ ಇಲ್ಲ. ನೀನು ಆ ಕೆಂಪು ಇಂಜಿನ್ನಿನ ಪಕ್ಕದಲ್ಲಿ ಕೂತು, ಪೇಟೆಯ ಎರಡೂ ಕಡೆ ಅಂಗಡಿಯವರಿಗೆ ಕೈಬೀಸಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದಿಳಿಯುವುದನ್ನು ನಾನು ಮೆಟ್ಟಿಲ ಮೇಲೆ ನಿಂತು ನೋಡಬೇಕು. ಪಕ್ಕದಲ್ಲಿ ಪಟಾಲಮ್ಮ ನಿಂತು “ವರಸೆ ಅಂದ್ರೆ ಇದಪ್ಪ” ಎನ್ನಬೇಕು. ಇಷ್ಟು ವರ್ಷ ನಿನ್ನನ್ನು ಬಸ್ ಸ್ಟ್ಯಾಂಡಿನಿಂದ ಕರೆತರುವುದು ನನ್ನ ಕೆಲಸವಾಗಿತ್ತು. ನೀನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಬೆನ್ನ ಹಿಂದೆ ಕೂತು, ಯಾರು ದಪ್ಪವಾದರು, ಯಾರು ಜಂಬ ಮಾಡಿದರು ಎಂದು ಕಿವಿಯಲ್ಲಿ ಹೇಳುತ್ತಾ ಬರುತ್ತೀಯಲ್ಲ, ಮನೆ ಬೇಗ ಬಂತೆಂದು ನಾನು ಎಷ್ಟೋ ಸಲ ಬೇಕೆಂದೇ ಬಳಸು ದಾರಿ ಹಿಡಿದಿದ್ದೇನೆ. ಅದನ್ನು ರೈಲಿಗೆ ಬಿಟ್ಟುಕೊಡಲೇ?

ಬಿಡಲಿಲ್ಲ. ಇವತ್ತು ಬೆಳಿಗ್ಗೆ ಲೆಕ್ಕ ತೀರಿಸಿದೆ. ಪೇಟೆ ಬೀದಿಯ ಹಿಂದಿನ ಸಂದಿ ಗೊತ್ತಲ್ಲ, ಎದುರುಬದುರು ಎರಡು ಎಮ್ಮೆ ಬಂದರೆ ಒಂದು ನಾಚಿಕೊಳ್ಳಬೇಕು, ಅಷ್ಟು ಅಗಲ. ರೈಲು ವಾಪಸ್ಸು ತಿರುಗುವುದು ಆ ಸಂದಿಯಿಂದಲೇ. ಗಂಟೆ ಕೇಳಿದರೆ ಎಲ್ಲರೂ ಈಚೆ ತುದಿಯಲ್ಲಿ ನಿಂತು ಬಿಟ್ಟುಕೊಡುವುದು ಈಗ ಊರಿನ ಪದ್ಧತಿ. ಗಂಟೆ ಕೇಳಿತು. ಕೇಳಿಯೇ ನುಗ್ಗಿದೆ. ನಡುಸಂದಿಯಲ್ಲಿ ಇಂಜಿನ್ನಿನ ಮೂತಿಗೆ ನನ್ನ ಸ್ಕೂಟರಿನ ಮೂತಿ ಹಚ್ಚಿ ನಿಲ್ಲಿಸಿದೆ. ನಿನಗೊಂದು ಗುಟ್ಟು ಹೇಳುತ್ತೇನೆ: ಈ ಜಾತಿಯ ರೈಲಿಗೆ ಹಿಂದಕ್ಕೆ ಹೋಗಲು ಬರುವುದಿಲ್ಲ. ಹಿಂದಕ್ಕೆ ತಳ್ಳಿದರೆ, ಆಸ್ತಿ ಭಾಗವಾದ ಅಣ್ಣತಮ್ಮಂದಿರ ಹಾಗೆ, ಒಂದೊಂದು ಬೋಗಿ ಒಂದೊಂದು ಕಡೆ ಮುಖ ತಿರುಗಿಸುತ್ತದೆ. “ಅಣ್ಣಾ, ವಸಿ ಹಿಂದಕ್ಕೆ ತಗಾ, ನಂದು ರಿವರ್ಸ್ ಬರಲ್ಲ” ಎಂದ. “ನನ್ನ ಸ್ಕೂಟರಿಗೂ ರಿವರ್ಸ್ ಗೇರಿಲ್ಲ, ಬೇಕಾದರೆ ಹುಡುಕಿ ನೋಡು” ಎಂದೆ. ಮೊದಲ ಬೋಗಿಯಿಂದ ಪಟಾಲಮ್ಮನ ತಲೆ ಹೊರಬಂತು. “ಏನ್ ಮೇಷ್ಟ್ರೇ, ರೈಲು ಎಲ್ಲಾನಾ ಸೈಡ್ ಕೊಡಾದು ಕಂಡಿದ್ದೀರಾ? ಓದಿದೋರು ನೀವು!” ಹಳಿಯಿಲ್ಲದ್ದು ರೈಲಲ್ಲ ಎಂದು ನಾನು ಶಾಸ್ತ್ರೋಕ್ತವಾಗಿ ವಾದಿಸಿದೆ. “ಅಂಗಾದ್ರೆ ಉಂಗ್ರ ಇಲ್ದಿದ್ರೆ ಬೆರಳು ಬೆರಳಲ್ವಾ?” ಎಂದು ಕೇಳಿತು. ಮೂರೂ ಬೋಗಿ ಗೊಳ್ಳೆಂದವು. ಸಂದಿಯಲ್ಲಿ ಸಂಧಿಯಾಗಲಿಲ್ಲ: ಆಗಮ ಅವನದು, ಆದೇಶ ಪಟಾಲಮ್ಮನದು, ಲೋಪ ಮಾತ್ರ ನನ್ನದೆಂದು ಊರು ತೀರ್ಪು ಕೊಟ್ಟಿತು. ಕೊಡಲಿ. ರೈಲು ನಿಂತಿತು ತಾನೇ? ನೂರಾರು ಜನ ಸೇರಿ ಮಾಡುವ ರೈಲು ರೋಕೋವನ್ನು ನಿನ್ನ ಗಂಡ ಒಬ್ಬನೇ, ಸೊಂಟನೋವಿನಲ್ಲಿ ಮಾಡಿದ. ಈ ಊರಿನಲ್ಲಿ ಆ ರೈಲಿಗೆ ಕಾಲಿಡದ ಗಂಡಸು ನಾನೊಬ್ಬನೇ, ಇಡುವುದೂ ಇಲ್ಲ.

ಆದ್ದರಿಂದ ಶನಿವಾರ ಬಸ್ಸಿಳಿದವಳು ಎಡಕ್ಕೆ ನೋಡಬೇಡ. ಅಲ್ಲಿ ಕೆಂಪು ಮೂತಿಯದು ಗಂಟೆ ಬಾರಿಸುತ್ತಿರುತ್ತದೆ. ಬಲಕ್ಕೆ, ಟೀ ಅಂಗಡಿಯ ಮುಂದೆ, ತೊಳೆದು ಒರೆಸಿದ ಸ್ಕೂಟರಿನೊಂದಿಗೆ ನಾನು ನಿಂತಿರುತ್ತೇನೆ. ಹೊಳೆಯುತ್ತಿರುವುದು ಸ್ಕೂಟರು, ಅದರ ಪಕ್ಕದ್ದು ನಾನು. ಯಾವ ಕಡೆ ಹೆಜ್ಜೆ ಹಾಕುತ್ತೀಯೆಂದು ಇಡೀ ಬಸ್ ಸ್ಟ್ಯಾಂಡು ನೋಡುತ್ತದೆ, ನಾನಂತೂ ಉಸಿರು ಹಿಡಿದು ನೋಡುತ್ತೇನೆ.

ನಿನ್ನ ಜೊತೆಯ ಟೀಚರುಗಳಿಗೆಲ್ಲ ನನ್ನ ನಮಸ್ಕಾರ. ಹೆಂಡತಿಗೆ ಆಶೀರ್ವಾದ ಬರೆಯುವಷ್ಟು ದೊಡ್ಡವನಲ್ಲ ನಾನು, ಈ ವಾರದ ಚರಿತ್ರೆ ನೋಡಿದರೆ ಪಡೆದುಕೊಳ್ಳುವಷ್ಟು ಚಿಕ್ಕವನೇ ಇದ್ದೇನೆ. ಬೆಚ್ಚಗೆ ಇರು, ಬೇಗ ಬಾ.

ನಿನ್ನವನೇ, ಬೇರೆ ಯಾವ ವರಸೆಯೂ ಇಲ್ಲದವನು,
ನರಸಿಂಹರಾಜು

ವಿ.ಸೂ.: ಕವರಿಗೆ ಅಂಟು ಹಚ್ಚುತ್ತಿದ್ದೆ, ಮೆಕ್ಯಾನಿಕ್ ಮುನೀರ್ ಬಂದು ಹೇಳಿಹೋದ: “ಸಾರ್, ಸ್ಕೂಟರ್ ಮುಂದಿಂದು ಪೂರಾ ಬೆಂಡಾಗೈತೆ, ಸಾಮಾನು ತುಮಕೂರಿಂದ ಬರ್ಬೇಕು, ಶನಿವಾರಕ್ಕೆ ಆಗಲ್ಲ.” ಮೇಲೆ ಬರೆದದ್ದೆಲ್ಲ ನಿಜ, ರೈಲು ನಿಂತದ್ದರ ತನಕ. ಆಮೇಲೆ ಹಿಂದೆ ಸರಿದವನು ನಾನು. ಪಟಾಲಮ್ಮ ಜಗಳ ಮುಗಿಯುವುದಿಲ್ಲವೆಂದು ಡಬ್ಬಿ ಬಿಚ್ಚಿದ್ದು ನೋಡಿ ಧೈರ್ಯ ಹೋಯಿತು. ಸ್ಕೂಟರನ್ನು ಕಾಲಿನಲ್ಲಿ ಹಿಂದಕ್ಕೆ ತಳ್ಳುತ್ತಾ, ಮುಖದಲ್ಲಿ ಗೆಲುವು ಇಟ್ಟುಕೊಂಡು, ಸ್ಕೂಟರ್ ಸಮೇತ ಚರಂಡಿಗೆ ಬಿದ್ದೆ. ಗಾಬರಿಯಾಗಬೇಡ, ಪೆಟ್ಟಿಲ್ಲ, ವಾಸನೆಯೂ ಹೆಚ್ಚುಕಡಿಮೆ ಹೋಗಿದೆ. ಅಶ್ವತ್ಥನೇ ಇಳಿದು ಎತ್ತಿದ. ಸ್ಕೂಟರನ್ನೂ ನನ್ನನ್ನೂ ಕೊನೆಯ ಬೋಗಿಗೆ ಹಾಕಿಸಿದ. ನಾನು ಕಾಲಿಡಲಿಲ್ಲ, ಅವರು ಎತ್ತಿಟ್ಟರು. ಆದರೆ ರಾಧಾ, ಪೇಟೆಯ ತಿರುವಿನಲ್ಲಿ ಮುಂದಿನ ಬೋಗಿಗಳೆಲ್ಲ ಬಳುಕಿ ನನ್ನದೇ ರೈಲಿನ ಇಂಜಿನ್ನು ನನಗೇ ಕಾಣಿಸಿತು ನೋಡು, ಆಗ ಬಜಾರಿಗೆಲ್ಲ ಕೇಳುವಂತೆ ‘ಕೂ’ ಎಂದವನು ನಾನು. ಇಳಿಸುವಾಗ ಅವನು ಕಿವಿಯಲ್ಲಿ ಹೇಳಿದ: “ರಾಧಾ ಫೋನ್ ಮಾಡಿದ್ಲು ಕಣಣ್ಣಾ. ‘ನಮ್ಮೆಜಮಾನ್ರು ಅಷ್ಟೊತ್ತು ರೈಲ್ನ ಬೈದ್ರು ಅಂದ್ರೆ ಹತ್ತೋ ಆಸೆ ಐತೆ ಅಂತ ಬಾವ, ಬಾಯ್ಬಿಟ್ಟು ಕೇಳಲ್ಲ. ಶನಿವಾರ ನಾ ಬರೋದೇ ನೆಪ ಮಾಡಿ ಅವ್ರನ್ನೂ ಹತ್ತಿಸ್ಕಂಡ್ ಬಾ’ ಅಂದ್ಲು.” ಪಂಪು ಹೊಡೆಯುವಾಗ ನನಗೆ ಕೇಳಿಸದೇ ಹೋದದ್ದು ಇಷ್ಟೇ ಅಂತೆ. ಸರಿ, ಶನಿವಾರ ನಾನೂ ಅದರಲ್ಲೇ ಬರುತ್ತೇನೆ. ಅವನು ಇಂಜಿನ್ನಿನ ಪಕ್ಕದ ಸೀಟು ತೋರಿಸುತ್ತಾನೆ, ಹತ್ತಬೇಡ. ಕೊನೆಯ ಬೋಗಿಯಲ್ಲಿ ಟವೆಲ್ ಹಾಕಿ ನಿನಗೆ ಜಾಗ ಹಿಡಿದಿರುತ್ತೇನೆ.