ಉಜ್ಜದ ಕಲ್ಲು

ಅಲ್ ಮವಾಲೇಹ್, ಮಸ್ಕತ್
ಭಾನುವಾರ

ಪ್ರೀತಿಯ ಮಿಸ್ರಿಯಾ ಅವರಿಗೆ,

ನಿಮ್ಮ ಮಗಳು ಫಾಯಿಝಾಳ ಆರ್ಟ್ ಟೀಚರ್ ಶರಲ್ ಬರೆಯುತ್ತಿದ್ದೇನೆ. ನನ್ನ ಗಂಡ ಫಿಲಿಪ್ ಊರಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಒಂದು ಪೊಟ್ಟಣ ಕಳಿಸಿದ್ದೇನೆ.

ಈ ವರ್ಷ ಮಕ್ಕಳಿಗೆ ಚೀನೀ ಮುದ್ರೆ ಕೆತ್ತುವುದನ್ನು ಕಲಿಸುತ್ತಿದ್ದೇನೆ. ಬೆರಳುದ್ದದ ಮೆದು ಕಲ್ಲಿನ ತುದಿಯಲ್ಲಿ ಹೆಸರು ಕೆತ್ತಿ, ಕೆಂಪು ಶಾಯಿ ತಾಗಿಸಿ ಕಾಗದಕ್ಕೆ ಒತ್ತುತ್ತಾರೆ. ಶಾಲೆಯಲ್ಲಿ ಇರುವುದು ಹನ್ನೆರಡೇ ಕಲ್ಲು. ಹಾಗಾಗಿ ಕೆಲಸ ಮುಗಿದ ಮೇಲೆ ಹೆಸರನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಅಳಿಸಿ, ಕಲ್ಲನ್ನು ಮುಂದಿನವರಿಗೆ ಕೊಡಬೇಕು. ಅದು ನಾನೇ ಮಾಡಿದ ನಿಯಮ.

ಆ ದಿನ ಫಾಯಿಝಾ ಮಾತ್ರ ಉಜ್ಜಲಿಲ್ಲ. "ಇವತ್ತು ಬೇಡ ಮಿಸ್, ನಾಳೆ ಉಜ್ತೇನೆ" ಅಂದಳು. ಎಲ್ಲರೆದುರು ಗದರಿಸಿ ಕಲ್ಲು ಕಸಿದುಕೊಂಡೆ. ಅವಳ ತಂದೆಯ ವೀಸಾ ರದ್ದಾದದ್ದು, ಮರುದಿನ ಬೆಳಿಗ್ಗೆಯೇ ನೀವೆಲ್ಲ ಹೊರಡುವುದು ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

ಅವಳ ಜಾಗಕ್ಕೆ ಬಂದ ಹುಡುಗಿ ಮೂರು ವಾರದಿಂದ ಕಲ್ಲು ಕೇಳುತ್ತಿದ್ದಳು. ದಿನವೂ ಫಾಯಿಝಾಳ ಕಲ್ಲಿದ್ದ ಡ್ರಾಯರ್ ಎಳೆಯುತ್ತಿದ್ದೆ, ಸ್ಯಾಂಡ್‌ಪೇಪರ್ ಕೈಗೆತ್ತಿಕೊಳ್ಳುತ್ತಿದ್ದೆ, ಮತ್ತೆ ಮುಚ್ಚಿ "ನಾಳೆ" ಅನ್ನುತ್ತಿದ್ದೆ.

ಕೊನೆಗೆ ಮೊನ್ನೆ ಅವಳಿಗೆ ನನ್ನದೇ ಕಲ್ಲು ಕೊಟ್ಟೆ. ಇಪ್ಪತ್ತು ವರ್ಷದಿಂದ ಅದರಲ್ಲಿದ್ದ ನನ್ನ ಹೆಸರು ಹತ್ತು ನಿಮಿಷದಲ್ಲಿ ಹೋಯಿತು.

ಪೊಟ್ಟಣದಲ್ಲಿರುವುದು ಫಾಯಿಝಾಳ ಕಲ್ಲು. ಶಾಯಿಯ ಡಬ್ಬಿ ಇಟ್ಟಿದ್ದೇನೆ, ಬಿಸಿಲಿಗೆ ಇಡಬೇಡಿ. ಸ್ಯಾಂಡ್‌ಪೇಪರ್ ಇಟ್ಟಿಲ್ಲ.

ಅವಳಿಗೆ ನನ್ನ ಮೇಲೆ ಇನ್ನೂ ಸಿಟ್ಟಿದ್ದರೆ ಏನೂ ಬರೆಯುವುದು ಬೇಡ. ಒಂದು ಹಾಳೆಗೆ ಮುದ್ರೆ ಒತ್ತಿ ಫೋಟೋ ಕಳಿಸಲಿ, ಸಾಕು. ಪಾಠದ ಹೊತ್ತಿನಲ್ಲೂ ಫೋನನ್ನು ಮೇಜಿನ ಮೇಲೇ ಇಟ್ಟಿರುತ್ತೇನೆ.

ಇಂತಿ,
ಶರಲ್ ಮಿನೇಜಸ್